ಸ್ಪರ್ಧೆಯ ನಾಯಿ ಕುಂಟುವುದಕ್ಕೆ ಮೊದಲು

ಸ್ಪರ್ಧೆಗೆ ಹೋಗುವ ನಾಯಿಗಳು ನನ್ನ ಚಿಕಿತ್ಸಾಲಯಕ್ಕೆ ಕುಂಟುತ್ತಾ ಬರುವುದು ಅಪರೂಪ. ಬಾಲ ಆಡಿಸುತ್ತಲೇ ಒಳಗೆ ಬರುತ್ತವೆ, ಸಿಕ್ಕವರ ಕೈ ನೆಕ್ಕುತ್ತವೆ. ದೂರು ಇರುವುದು ಮಾಲೀಕರ ಬಳಿ. 'ಡಾಕ್ಟರೇ, ಇತ್ತೀಚೆಗೆ ಜಿಗಿಯುವಾಗ ಅಡ್ಡಪಟ್ಟಿ ಬೀಳಿಸುತ್ತಿದೆ.' ಇಲ್ಲವೇ, 'ಕಂಬಗಳ ಸಾಲು ಮುಗಿಯಲು ಎರಡು ಬಾಕಿ ಇರುವಾಗಲೇ ಹೊರಗೆ ಬಂದುಬಿಡುತ್ತದೆ.' ಹೊಸಬರು ಇದನ್ನು ನಾಯಿಯ ಹಟವೆಂದು ತಿಳಿದು ಅಭ್ಯಾಸವನ್ನು ಇಮ್ಮಡಿ ಮಾಡುತ್ತಾರೆ. ಪಳಗಿದವರು ಅಭ್ಯಾಸ ನಿಲ್ಲಿಸಿ ನಾಯಿಯನ್ನು ಕರೆತರುತ್ತಾರೆ.

ಅವರು ಹೇಳುತ್ತಿರುವುದು ಅಜಿಲಿಟಿಯ ಬಗ್ಗೆ: ಜೊತೆಯಲ್ಲಿ ಓಡುವ ಮನುಷ್ಯರ ಸೂಚನೆಯಂತೆ ನಾಯಿ ಜಿಗಿತ, ಸುರಂಗ, ಕಂಬಗಳ ಸಾಲು ಮುಂತಾದ ಅಡೆತಡೆಗಳನ್ನು ದಾಟುವ ಸ್ಪರ್ಧೆ. ಶ್ವಾನ ಕ್ರೀಡೆಗಳಲ್ಲಿ ಇದೇನೂ ಹಳೆಯದಲ್ಲ. ಕುರಿ ಕಾಯುವ ನಾಯಿಗಳ ಸ್ಪರ್ಧೆ 1873ರಲ್ಲೇ ವೇಲ್ಸ್‌ನ ಬಾಲಾ ಎಂಬಲ್ಲಿ ನಡೆದಿತ್ತು. ಅಜಿಲಿಟಿ ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನಲ್ಲಿ ಪ್ರೇಕ್ಷಕರಿಗೆ ಬೇಸರವಾಗದಿರಲೆಂದು. ಕುದುರೆಗಳ ಜಿಗಿತದ ಸ್ಪರ್ಧೆಯೇ ಅದಕ್ಕೆ ಮಾದರಿ. ಇಂದು ಅದರ ನಿಯಮಗಳು ಕಟ್ಟುನಿಟ್ಟು. ಕಣದೊಳಗೆ ಬೆಲ್ಟ್ ಇಲ್ಲ, ಕೈಯಲ್ಲಿ ತಿಂಡಿ ಇಲ್ಲ, ನಾಯಿಯನ್ನು ಮುಟ್ಟುವಂತಿಲ್ಲ. ಅಡೆತಡೆಗಳ ಕ್ರಮ ಪ್ರತಿ ಸಲವೂ ಬೇರೆ. ಓಡಿಸುವವರಿಗೆ ಮೊದಲೇ ಕೆಲವು ನಿಮಿಷ ಕಣದಲ್ಲಿ ನಡೆದು ದಾರಿ ನೆನಪಿಟ್ಟುಕೊಳ್ಳಲು ಅವಕಾಶ ಉಂಟು, ನಾಯಿಗಿಲ್ಲ. ಅದು ಓಡುತ್ತಲೇ ದಾರಿ ತಿಳಿಯಬೇಕು, ಅದೂ ಜೊತೆಗಾರರ ಮೈಯನ್ನು ನೋಡಿ. ತಪ್ಪು ಸುರಂಗಕ್ಕೆ ನುಗ್ಗಿದ ನಾಯಿಯ ಓಟವನ್ನು ವಿಡಿಯೋದಲ್ಲಿ ನಿಧಾನವಾಗಿ ನೋಡಿದರೆ, ಓಡಿಸುವವರ ಪಾದಗಳೇ ಆ ಸುರಂಗದ ಕಡೆ ತಿರುಗಿರುವುದು ಹಲವು ಸಲ ಕಾಣುತ್ತದೆ. ಬೈಗುಳ ಮಾತ್ರ ನಾಯಿಗೆ.

ಈ ಆಟ ದೇಹದಿಂದ ಕೇಳುವುದು ಕಡಿಮೆಯೇನಲ್ಲ. ಸಾಲಾಗಿ ನೆಟ್ಟ ಹನ್ನೆರಡು ಕಂಬಗಳ ನಡುವೆ ತಲಾ 60 ಸೆಂಟಿಮೀಟರ್ ಅಂತರ. ಪೂರ್ಣ ವೇಗದಲ್ಲಿ ಅವುಗಳ ನಡುವೆ ನುಸುಳುವಾಗ ಬೆನ್ನು ಎಡಕ್ಕೂ ಬಲಕ್ಕೂ ಬಾಗುತ್ತದೆ, ಭುಜಗಳು ಪ್ರತಿ ತಿರುವಿನಲ್ಲೂ ಭಾರ ಹೊರುತ್ತವೆ. ಜಿಗಿದು ಇಳಿಯುವಾಗಿನ ಪೆಟ್ಟು ಮೊದಲು ಮುಂಗಾಲುಗಳಿಗೆ. ಇಳಿಜಾರು ಹಲಗೆಗಳ ತುದಿಗೆ ಬೇರೆ ಬಣ್ಣ ಬಳಿದಿರುತ್ತಾರೆ, ನಾಯಿ ಇಳಿಯುವಾಗ ಅದನ್ನು ತುಳಿಯದಿದ್ದರೆ ಅಂಕ ಹೋಗುತ್ತದೆ. ತೀರ್ಪುಗಾರರ ಕಿರಿಕಿರಿಯೆಂದು ಗೊಣಗುವವರನ್ನು ಕಂಡಿದ್ದೇನೆ. ಆ ನಿಯಮವಿಲ್ಲದಿದ್ದರೆ ನಾಯಿಗಳು ಎತ್ತರದಿಂದಲೇ ಹಾರುತ್ತಿದ್ದವು, ಅವುಗಳ ಭುಜ ಮತ್ತು ಮಣಿಕಟ್ಟು ನನ್ನ ಪಾಲಿಗೆ ಬರುತ್ತಿದ್ದವು.

ಅಡ್ಡಪಟ್ಟಿ ಬೀಳಿಸುವ ನಾಯಿಯನ್ನು ಮೊದಲು ಮೇಜಿಗೆ ಹತ್ತಿಸುವುದಿಲ್ಲ. ಅಂಗಳದಲ್ಲಿ ನಡೆಸಿ, ಮೆಲ್ಲಗೆ ಓಡಿಸಿ, ಕೂರಿಸಿ ನೋಡುತ್ತೇನೆ. ಎರಡೂ ಹಿಂಗಾಲುಗಳನ್ನು ಸಮನಾಗಿ ಮಡಿಚಿ ಕೂರುತ್ತದೆಯೇ, ಒಂದನ್ನು ಪಕ್ಕಕ್ಕೆ ಚಾಚುತ್ತದೆಯೇ ಎಂಬುದರಲ್ಲಿ ಅರ್ಧ ವಿಷಯ ಗೊತ್ತಾಗುತ್ತದೆ. ಆಮೇಲೆ ತೊಡೆಗಳ ಸುತ್ತಳತೆ, ಬೆರಳುಗಳ ಸಂದು, ಉಗುರು. ಕೊನೆಗೆ ಹಿಂಗಾಲನ್ನು ಹಿಂದಕ್ಕೆ ಚಾಚಿ ತುಸು ಒಳಕ್ಕೆ ತಿರುಗಿಸುತ್ತೇನೆ. ಬೆನ್ನುಮೂಳೆಯ ಕೆಳಗಿನಿಂದ ಹೊರಟು ತೊಡೆಮೂಳೆಗೆ ಸೇರುವ ಇಲಿಯೋಸೋಯಸ್ ಸ್ನಾಯು ಆಗ ಬಿಗಿಯುತ್ತದೆ. ಅದು ಉಳುಕಿದ್ದರೂ ಇಂಥ ನಾಯಿಗಳು ಹೆಚ್ಚಾಗಿ ಕಿರುಚುವುದಿಲ್ಲ. ಏದುಸಿರು ಒಂದು ಕ್ಷಣ ನಿಲ್ಲುತ್ತದೆ, ನಾಲಿಗೆ ತುಟಿ ಸವರುತ್ತದೆ, ತಲೆ ನನ್ನ ಕೈಯ ಕಡೆ ತಿರುಗುತ್ತದೆ. ಅಷ್ಟೇ. ಎಕ್ಸ್‌ರೇಯಲ್ಲಿ ಈ ಉಳುಕು ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಚಿಕಿತ್ಸೆಯ ಬಹುಪಾಲು ತಾಳ್ಮೆ: ವಾರಗಟ್ಟಲೆ ಬೆಲ್ಟ್ ಹಾಕಿದ ನಡಿಗೆ, ಹಂತಹಂತವಾಗಿ ವ್ಯಾಯಾಮ. ನೋವು ಕಡಿಮೆಯಾದ ಕೂಡಲೇ ಕಣಕ್ಕೆ ಬಿಟ್ಟರೆ ಅದೇ ಜಾಗ ಮತ್ತೆ ಉಳುಕುತ್ತದೆ.

ಹಾಗಾದರೆ ಈ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ತಕ್ಕಡಿಯಿಂದ ಆರಂಭವಾಗುತ್ತದೆ. ಮನೆಯಲ್ಲೇ ಇರುವ ನಾಯಿಗಳಲ್ಲಿ ನಾನು ದಿನವೂ ಕಾಣುವ ರೋಗ ಬೊಜ್ಜು. ಸ್ಪರ್ಧೆಯ ನಾಯಿಯ ಪಕ್ಕೆಲುಬುಗಳು ಬೆರಳಿಗೆ ಸಲೀಸಾಗಿ ಸಿಗುತ್ತವೆ. ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಸಾಯುವವರೆಗೂ ಗಮನಿಸಿದ, 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಲುಭಾಗ ಕಡಿಮೆ ಆಹಾರ ಪಡೆದು ತೆಳ್ಳಗೆ ಉಳಿದ ನಾಯಿಗಳು ತಮ್ಮ ಜೊತೆಯವಕ್ಕಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಇನ್ನೊಂದು ಲಾಭ ತಕ್ಕಡಿಗೆ ಸಿಗುವಂಥದ್ದಲ್ಲ. ತನ್ನ ನಾಯಿ ಜಿಗಿತಕ್ಕೆ ಮುನ್ನ ಒಂದು ಹೆಜ್ಜೆ ಹೆಚ್ಚು ಇಡುತ್ತಿದೆ ಎಂದು ಗುರುತಿಸಬಲ್ಲ ಮಾಲೀಕರು, ನೀರು ಕುಡಿಯುವುದು ಹೆಚ್ಚಾದದ್ದನ್ನೂ ಕಿವಿಯ ಹಾಲೆಯೊಳಗಿನ ಸಣ್ಣ ಗಂಟನ್ನೂ ಬೇಗ ಗಮನಿಸುತ್ತಾರೆ. ರೋಗ ಮೊದಲ ಹಂತದಲ್ಲೇ ನನ್ನ ಕೈಗೆ ಸಿಗುತ್ತದೆ. ಪದಕ ಗೆಲ್ಲದಿದ್ದರೂ ಈ ಕಣ್ಣು ಅವರಿಗೆ ಬಂದಿರುತ್ತದೆ.

ಮರಿಗಳ ವಿಷಯದಲ್ಲಿ ನಾನು ಮೊಂಡ. ಮೂಳೆಯ ಬೆಳೆಯುವ ತುದಿಗಳು ಗಟ್ಟಿಯಾಗಲು ದೊಡ್ಡ ತಳಿಗಳಿಗೆ ಒಂದೂವರೆ ವರ್ಷದವರೆಗೂ ಬೇಕಾಗಬಹುದು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಕೂಡ 18 ತಿಂಗಳು ತುಂಬದ ನಾಯಿಯನ್ನು ಅಜಿಲಿಟಿ ಕಣಕ್ಕೆ ಬಿಡುವುದಿಲ್ಲ. ಅಲ್ಲಿಯವರೆಗೆ ನೆಲದ ಮೇಲಿನ ಕಲಿಕೆಯೇ ಬೇಕಾದಷ್ಟಿದೆ: ಕರೆದರೆ ಬರುವುದು, ತಿರುವು, ಗದ್ದಲದ ನಡುವೆ ಸುಮ್ಮನೆ ಕಾಯುವುದು. ಎಂಟು ತಿಂಗಳ ಮರಿ ಪೂರ್ಣ ಎತ್ತರ ಜಿಗಿಯುವ ವಿಡಿಯೋವನ್ನು ಹೆಮ್ಮೆಯಿಂದ ತೋರಿಸುವವರಿಗೆ ನನ್ನಿಂದ ಶಹಬ್ಬಾಸ್ ಸಿಗುವುದಿಲ್ಲ.

ಬಿಸಿಲಿನ ಬಗ್ಗೆಯೂ ಅಷ್ಟೇ. ನಾಯಿ ಮೈತುಂಬ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಅದರ ಸಹಜ ತಾಪಮಾನ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಜೀವಕ್ಕೇ ಅಪಾಯ. ನಾಲಿಗೆ ಅಗಲವಾಗಿ ಜೋತು, ಕಾಲು ತಡವರಿಸಿದರೆ ಮೊದಲು ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ವೈದ್ಯರ ಬಳಿಗೆ ಓಟ ಅದರ ನಂತರ.

ಎಲ್ಲ ನಾಯಿಗಳಿಗೂ ಕಣ ಒಗ್ಗುವುದಿಲ್ಲ. ಆರಂಭದ ಗೆರೆಯಲ್ಲಿ ಪದೇ ಪದೇ ಆಕಳಿಸುವ, ಅವಸರವಾಗಿ ನೆಲ ಮೂಸುವ, ಮುಖ ತಿರುಗಿಸುವ ನಾಯಿ ಸೋಮಾರಿಯಲ್ಲ, ಅದಕ್ಕೆ ದಿಗಿಲಾಗಿದೆ. ಆಗ ಹಿಂದೆ ಸರಿಯುವುದೇ ಈ ಕ್ರೀಡೆ ಮನುಷ್ಯರಿಂದ ಕೇಳುವ ಕಠಿಣ ಕೆಲಸ. ಶುಲ್ಕ ಕಟ್ಟಿಯಾಗಿದೆ, ನಸುಕಿನಲ್ಲೆದ್ದು ದೂರದಿಂದ ಬಂದಾಗಿದೆ, ಗೆಳೆಯರು ನೋಡುತ್ತಿದ್ದಾರೆ. ಆದರೂ ಹೆಸರು ಹಿಂತೆಗೆದುಕೊಂಡು ಮನೆಗೆ ಹೋಗುವವರ ನಾಯಿಗಳೇ ನನ್ನ ದಾಖಲೆಗಳಲ್ಲಿ ಹೆಚ್ಚು ಕಾಲ ಓಡುತ್ತಿರುವುದು.

ವಯಸ್ಸಾದ ನಾಯಿಯನ್ನು ಒಮ್ಮೆಲೇ ಮನೆಯಲ್ಲಿ ಕೂರಿಸಬೇಡಿ ಎಂದೂ ಹೇಳುತ್ತೇನೆ. ಜಿಗಿತದ ಎತ್ತರ ಇಳಿಸಬಹುದು, ಕಂಬಗಳ ಸಾಲು ಬಿಡಬಹುದು. ವಾಸನೆ ಹುಡುಕುವ ಸ್ಪರ್ಧೆಗೆ ಕೀಲುಗಳಿಗಿಂತ ಮೂಗು ಮುಖ್ಯ. ಆದರೆ ಏದುಸಿರು ಬಿಡುವ ನಾಯಿಗೆ ಸರಿಯಾಗಿ ಮೂಸಲಾಗದು, ಆದ್ದರಿಂದ ದಮ್ಮು ಉಳಿಸುವ ದಿನದ ನಡಿಗೆ ಅಲ್ಲೂ ತಪ್ಪುವುದಿಲ್ಲ.