ಹಿನ್ನೀರಿಗೆ ಹಳೇ ಅಲ್ಯೂಮಿನಿಯಂ ದೋಣಿ: ಬಣ್ಣ ಬಿಡಿ, ಹಿಂಬದಿ ನೋಡಿ

ಒಂದು 12 ಅಡಿಯದು, ಚಪ್ಪಟೆ ತಳ, ರಿವೆಟ್ ಹೊಡೆದದ್ದು. ಇನ್ನೊಂದು 14 ಅಡಿ, ‘ವಿ’ ಆಕಾರದ ತಳ, ವೆಲ್ಡಿಂಗ್ ಮಾಡಿದ್ದು. ಎರಡೂ ಸೆಕೆಂಡ್ ಹ್ಯಾಂಡ್. ಗೊರೂರಿನ ಹೇಮಾವತಿ ಹಿನ್ನೀರಿಗೆ ಮನೆಮಂದಿಯೊಂದಿಗೆ ಇಳಿದು ಗಾಳ ಹಾಕಬೇಕೆನ್ನುವವರಿಗೆ ಯಾವುದು ಸರಿ?

ಮೊದಲು ತಲೆ ಎಣಿಸಿ. ಉದ್ದ, ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ, 15ರಿಂದ ಭಾಗಿಸಿದರೆ ಎಷ್ಟು ಜನ ಕೂರಬಹುದೆಂಬ ಅಂದಾಜು ಸಿಗುತ್ತದೆ. 12×4 ಆದರೆ ಮೂವರು, 14×5 ಆದರೆ ನಾಲ್ವರು. ಉಳಿದ ಭಿನ್ನರಾಶಿಯಲ್ಲಿ ಮಗುವೊಂದನ್ನು ಕೂರಿಸುವ ಲೆಕ್ಕ ಬೇಡ. ಚಪ್ಪಟೆ ತಳದ್ದು ನಿಂತ ನೀರಲ್ಲಿ ಓಲಾಡುವುದು ಕಡಿಮೆ; ಅಯ್ಯನಕೆರೆಯಂಥ ಕೆರೆಗೆ ಅದು ಸಾಕು. ಹೇಮಾವತಿಯ ಹರವಿನಲ್ಲಿ ಗಾಳಿ ಎದ್ದರೆ ಅದೇ ತಳ ಅಲೆಗೆ ಪಟಪಟ ಬಡಿದು ನೀರನ್ನು ಮಡಿಲಿಗೆ ಎರಚುತ್ತದೆ. ‘ವಿ’ ತಳ ಅಲೆ ಸೀಳಿಕೊಂಡು ಹೋಗುತ್ತದೆ.

ಇನ್ನು ದೋಣಿಯ ಆರೋಗ್ಯ. ಇಂಜಿನ್ ತೂಗುವ ಹಿಂಬದಿ ಹಲಗೆಯೇ ಮೊದಲು ಕೆಡುವ ಜಾಗ. ಇಂಜಿನ್ನಿನ ಕೆಳಗಾಲು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಲಗೆ ಬಾಗಿದರೆ, ಬೋಲ್ಟಿನ ಸುತ್ತ ನೀರು ಜಿನುಗಿದರೆ, ಒಳಗಿನ ಪ್ಲೈವುಡ್ ಕೊಳೆತಿದೆ. ಐಎಸ್ 710 ಗುರುತಿನ 19 ಮಿ.ಮೀ. ಮರೀನ್ ಪ್ಲೈ ಎರಡು ತುಂಡು ಅಂಟಿಸಿ, ಅಂಚು ಮತ್ತು ತೂತುಗಳಿಗೆಲ್ಲ ನೀರು ತಡೆಯುವ ಎಪಾಕ್ಸಿ ಅಂಟು ಕುಡಿಸಿದರೆ ಸರಿಹೋಗುತ್ತದೆ.

ಸೋರಿಕೆ ನೋಡಲು ದೋಣಿಯನ್ನು ನೀರಿಗಿಳಿಸುವುದಕ್ಕಿಂತ ದೋಣಿಗೇ ನೀರು ತುಂಬುವುದು ಜಾಣತನ. ಟ್ರೇಲರ್ ಮೇಲಿಟ್ಟು ಐದು ಸೆಂ.ಮೀ. ನೀರು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಕೆಳಗಿನಿಂದ ತೊಟ್ಟಿಕ್ಕುವ ಕಡೆಯೆಲ್ಲ ಮಾರ್ಕರ್‌ನಿಂದ ಗುರುತು ಹಾಕಿ. ಹೆಚ್ಚು ತುಂಬಬೇಡಿ, ಆ ಐದು ಸೆಂ.ಮೀ. ನೀರೇ ಇನ್ನೂರು ಕಿಲೋ ದಾಟಬಹುದು. ನಾಲ್ಕಾರು ರಿವೆಟ್ ಸಡಿಲವಿದ್ದರೆ ಒಳಗಿನಿಂದ ಒತ್ತುಗಬ್ಬಿಣ (ಆಧಾರಕ್ಕೆ ಹಿಡಿಯುವ ಭಾರದ ಕಬ್ಬಿಣದ ತುಂಡು) ಕೊಟ್ಟು ಮತ್ತೆ ಬಡಿಯಬಹುದು. ಎಂಸೀಲ್ ಮೆತ್ತಿದ್ದು ಕಂಡರೆ ಅನುಮಾನಪಡಿ. ಓಡುವಾಗ ತಗಡು ಬಾಗುತ್ತದೆ, ಎಂಸೀಲ್ ಬಾಗುವುದಿಲ್ಲ. ವೆಲ್ಡಿಂಗ್ ದೋಣಿಯಲ್ಲಿ ಹೊಲಿಗೆಯ ಪಕ್ಕದ ಬಿರುಕು ಹುಡುಕಿ. ಬಿರುಕಿನ ತುದಿಗೆ 3 ಮಿ.ಮೀ. ತೂತು ಕೊರೆಯದೆ ಬೆಸೆದರೆ ಅದು ಮುಂದಕ್ಕೆ ಹರಿಯುತ್ತದೆ. ಗೇಟು, ಗ್ರಿಲ್ ಮಾಡುವ ಮಾಮೂಲಿ ವೆಲ್ಡಿಂಗ್ ಅಂಗಡಿಯ ಕೆಲಸ ಇದಲ್ಲ, ಆರ್ಗಾನ್ ಅನಿಲದ ವೆಲ್ಡಿಂಗ್ ಬೇಕು.

ದೋಣಿ ಮುಳುಗದಂತೆ ಸೀಟಿನಡಿ ತುಂಬಿರುವ ಫೋಮ್ ನೀರು ಕುಡಿದಿದೆಯೋ ಎಂದು ತಿಳಿಯಲು ಕಾಫಿ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ಯಿರಿ. ಟ್ರೇಲರ್, ಇಂಜಿನ್ ತೂಕ ಕಳೆದು, ತಯಾರಕರು ಹೇಳಿರುವ ಖಾಲಿ ದೋಣಿಯ ತೂಕಕ್ಕೆ ಹೋಲಿಸಿ. ಮೂವತ್ತು ನಲವತ್ತು ಕಿಲೋ ಹೆಚ್ಚಿದ್ದರೆ ಫೋಮ್ ಕಿತ್ತು ಹೊಸದು ಹಾಕಬೇಕು.

ಇಂಜಿನ್ ಬಗ್ಗೆ ಎರಡೇ ಮಾತು: ಗೇರ್ ಆಯಿಲ್ ಹಾಲಿನಂತಿದ್ದರೆ ಸೀಲ್ ಹೋಗಿದೆ, ಓಡುವಾಗ ತಂಪುನೀರಿನ ಸಣ್ಣ ಧಾರೆ ಹೊರಬರದಿದ್ದರೆ ಇಂಪೆಲ್ಲರ್ (ತಂಪುನೀರು ಎತ್ತುವ ಪಂಪಿನ ಚಕ್ರ) ಬದಲಿಸದೆ ಇಳಿಸಬೇಡಿ. ಜಲಾಶಯದವರ ಅನುಮತಿ, ಮೀನುಗಾರಿಕೆ ಇಲಾಖೆಯ ಪರವಾನಗಿ, ಮಕ್ಕಳ ತೂಕಕ್ಕೊಪ್ಪುವ ಲೈಫ್ ಜಾಕೆಟ್, ಇವನ್ನು ಹಣ ಕೊಡುವ ಮೊದಲೇ ವಿಚಾರಿಸಿ.

ಎರಡರಲ್ಲಿ ನಮ್ಮ ಆಯ್ಕೆ 14 ಅಡಿಯದು, ಹಿಂಬದಿ ಹಲಗೆ ಕೊಳೆತಿದ್ದರೂ ಸರಿ. ಆ ಖರ್ಚನ್ನು ಬೆಲೆಯಲ್ಲಿ ಮುರಿಸಿ. ತಳದಲ್ಲಿ ಬಿಳಿ ಪುಡಿಯೇಳುವ ಗುಳಿಗಳು ದಟ್ಟವಾಗಿದ್ದರೆ ಮಾತ್ರ ಬಿಟ್ಟುಬಿಡಿ. ಕೊಂಡ ಮೇಲೆ ತೋಟದ ಶೆಡ್ಡಿನಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪಡಣೆ ಔಷಧಿ) ಡ್ರಮ್ಮಿನ ಪಕ್ಕ ನಿಲ್ಲಿಸಬೇಡಿ: ಮೈಲುತುತ್ತದ ತಾಮ್ರ ತಗುಲಿದ ಕಡೆಯೆಲ್ಲ ಅಲ್ಯೂಮಿನಿಯಂ ತೂತು ಬೀಳುತ್ತದೆ.