ಕಾರಿನೊಳಗಿನ ಕಿರಿಕಿರಿ: ಸದ್ದಿನ ಮೂಲ ಹುಡುಕುವುದು ಹೇಗೆ?

ಬೆಳಿಗ್ಗೆ ಸುಮ್ಮನಿದ್ದ ಕಾರು ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ನಿಂತು ಹೊರಟೊಡನೆ ಡ್ಯಾಶ್‌ಬೋರ್ಡಿನ ಯಾವುದೋ ಮೂಲೆಯಿಂದ ಕಿರ್ ಕಿರ್ ಎನ್ನತೊಡಗುತ್ತದೆ. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಸಂಜೆಯಾಗಿ ಸದ್ದು ಅಡಗಿರುತ್ತದೆ. ಕಾರಣ ಇರುವುದು ಪ್ಲಾಸ್ಟಿಕ್ಕಿನ ಗುಣದಲ್ಲಿ. ಡ್ಯಾಶ್‌ಬೋರ್ಡಿಗೆ ಬಳಸುವ ಪಾಲಿಪ್ರೊಪಿಲೀನ್, ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ, ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಅದನ್ನು ಹೊತ್ತಿರುವ ಉಕ್ಕಿನ ಅಡ್ಡತೊಲೆ ಹಿಗ್ಗುವುದು 0.012 ಮಿ.ಮೀ. ಮಾತ್ರ. 1.4 ಮೀಟರ್ ಅಗಲದ ಡ್ಯಾಶ್‌ಬೋರ್ಡ್ 25 ಡಿಗ್ರಿಯಿಂದ 60ಕ್ಕೆ ಕಾದರೆ ಪ್ಲಾಸ್ಟಿಕ್ ಸುಮಾರು 3.4 ಮಿ.ಮೀ. ಬೆಳೆಯುತ್ತದೆ, ಉಕ್ಕು 0.6. ನಡುವಿನ ವ್ಯತ್ಯಾಸವನ್ನು ಸ್ಕ್ರೂಗಳ ಉದ್ದನೆಯ ತೂತುಗಳು, ಕ್ಲಿಪ್ಪುಗಳ ಸಡಿಲ, ಜೋಡಣೆಯ ಸಂದುಗಳು ನುಂಗಿಕೊಳ್ಳಬೇಕು. ನುಂಗಲಾಗದ ಕಡೆ ಒಂದು ಅಂಚು ಇನ್ನೊಂದರ ಮೇಲೆ ಒತ್ತಿ ಕೂರುತ್ತದೆ.

ಒತ್ತಿ ಕೂತದ್ದು ಸುಮ್ಮನೆ ಜಾರಿದ್ದರೆ ತೊಂದರೆಯಿರಲಿಲ್ಲ. ಆದರೆ ನಿಂತಿರುವ ಮೇಲ್ಮೈಗಳ ಘರ್ಷಣೆ ಜಾರುತ್ತಿರುವವುಗಳ ಘರ್ಷಣೆಗಿಂತ ಹೆಚ್ಚು. ಹಾಗಾಗಿ ಅಂಚು ಮೊದಲು ಅಂಟಿಕೊಳ್ಳುತ್ತದೆ, ಕಾರಿನ ಮೈ ನಡುಗಿದಾಗ ಸ್ಪ್ರಿಂಗಿನಂತೆ ಬಾಗುತ್ತದೆ, ತಡೆಯಲಾರದ ಹಂತದಲ್ಲಿ ತಟಕ್ಕನೆ ಜಾರಿ ಮತ್ತೆ ಅಂಟಿಕೊಳ್ಳುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕೇಳುವುದು ಕಿರ್ ಎಂಬ ಸದ್ದು. ಪಿಟೀಲಿನ ಕಮಾನಿಗೆ ರಾಳ ತಿಕ್ಕುವುದು ಈ ಅಂಟು-ಜಾರು ಆಟ ಚೆನ್ನಾಗಿ ನಡೆಯಲೆಂದೇ. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದುದು ಅದನ್ನು ಬಿಡಿಸಲೂ ಹೌದು. ಯಾವ ಎರಡು ವಸ್ತುಗಳು ಮುಟ್ಟಿಕೊಂಡಿವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಜರ್ಮನಿಯ ಮೋಟಾರು ಉದ್ಯಮದ ವಿಡಿಎ 230-206 ಎಂಬ ಪರೀಕ್ಷಾ ಕ್ರಮದಲ್ಲಿ ವಸ್ತುಗಳನ್ನು ಜೋಡಿಜೋಡಿಯಾಗಿ ಉಜ್ಜಿ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. 3ರವರೆಗೆ ಭಯವಿಲ್ಲ, 6 ಅಥವಾ ಅದಕ್ಕಿಂತ ಹೆಚ್ಚಾದರೆ ಸದ್ದು ಬರುವ ಸಂಭವ ಹೆಚ್ಚು.

ಕಟಕಟ ಸದ್ದಿನ ಹುಟ್ಟು ಬೇರೆ. ಅಲ್ಲಿ ಎರಡು ಭಾಗಗಳ ನಡುವೆ ಸಣ್ಣ ಸಂದು ಇದ್ದು, ನಡುಕ ಬಂದಾಗ ಒಂದಕ್ಕೊಂದು ಬಡಿಯುತ್ತವೆ. ಉಜ್ಜುವುದನ್ನು ಬೇರ್ಪಡಿಸಬೇಕು ಅಥವಾ ಜಾರುವಂತೆ ಮಾಡಬೇಕು. ಬಡಿಯುವುದನ್ನು ಬಿಗಿ ಹಿಡಿಯಬೇಕು ಅಥವಾ ಮೆತ್ತೆ ಕೊಡಬೇಕು. ಈ ಭೇದ ತಿಳಿಯದೆ ಸಂದಿಗೆಲ್ಲ ಸ್ಪಂಜು ತುರುಕಿದರೆ ಕಟಕಟ ಹೋಗಿ ಕಿರ್ ಬರುತ್ತದೆ.

ಯಾವುದನ್ನೂ ಬಿಚ್ಚುವ ಮೊದಲು ಕಾರನ್ನು ಪೂರ್ತಿ ಖಾಲಿ ಮಾಡಿ. ಗ್ಲೋವ್ ಬಾಕ್ಸು, ಬಾಗಿಲಿನ ಜೇಬುಗಳು, ಕನ್ನಡಕದ ಗೂಡು, ಸೀಟಿನಡಿ, ಡಿಕ್ಕಿ, ಒಂದನ್ನೂ ಬಿಡಬೇಡಿ. ಜ್ಯಾಕ್ ಮತ್ತು ಸ್ಟೆಪ್ನಿಯ ತಿರುಪು ಬಿಗಿಯಾಗಿದೆಯೇ ನೋಡಿ. ಯಾರೂ ಕೂರದ ಸೀಟಿನ ಬೆಲ್ಟ್ ಬಕಲ್ ಕಂಬದ ಪ್ಲಾಸ್ಟಿಕ್ಕಿಗೆ ಬಡಿಯುವುದು, ಖಾಲಿ ಹಿಂಬದಿ ಸೀಟಿನ ಬೆನ್ನಿನ ಕೊಂಡಿ ಕಟಕಟಿಸುವುದು ತುಂಬ ಸಾಮಾನ್ಯ. ಟೈರಿನ ಗಾಳಿಯನ್ನು ಬಾಗಿಲಿನ ಚೌಕಟ್ಟಿನಲ್ಲಿ ಬರೆದಷ್ಟಕ್ಕೇ ತನ್ನಿ. ಹೆಚ್ಚಾದರೆ ರಸ್ತೆಯ ಪ್ರತಿ ಜಲ್ಲಿಯೂ ಒಳಗೆ ಬಡಿಯುತ್ತದೆ.

ಇನ್ನು ಹುಡುಕಾಟ. ನಿಜವಾದ ಕಷ್ಟವಿರುವುದು ಇಲ್ಲೇ, ಸಮಯ ಕೊಡಬೇಕಾದದ್ದೂ ಇಲ್ಲಿಗೇ. ಮುಂದಿನ ಗಾಜು ಸದ್ದನ್ನು ಪ್ರತಿಫಲಿಸುವುದರಿಂದ ಎಡಗಡೆಯ ಏಸಿ ಕಿಂಡಿಯ ಸದ್ದು ಸ್ಟಿಯರಿಂಗ್ ಹಿಂದಿನಿಂದ ಬಂದಂತೆ ಕೇಳಬಹುದು. ಓಡಿಸುವವರ ಕಿವಿಯನ್ನು ನಂಬಬೇಡಿ, ಓಡಿಸುತ್ತ ಹುಡುಕಲೂ ಬೇಡಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಕೇಳಲಿ. ವಾಹನ ಸಂಚಾರವಿಲ್ಲದ ಒಂದೇ ಒರಟು ರಸ್ತೆಯಲ್ಲಿ 20-30 ಕಿ.ಮೀ. ವೇಗದಲ್ಲಿ, ಗಾಜು ಏರಿಸಿ, ಬ್ಲೋವರ್ ನಿಲ್ಲಿಸಿ, ಅದೇ ಹಾದಿಯಲ್ಲಿ ಹಲವು ಸಲ ಹೋಗಿ ಬನ್ನಿ. ಕೇಳುವವರು ಅನುಮಾನದ ಭಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿಯಲಿ. ಒತ್ತಿದಾಗ ಸದ್ದು ನಿಂತರೆ ಹತ್ತಿರ ಬಂದಂತೆ, ಸ್ವರ ಬದಲಾದರೂ ಹತ್ತಿರವೇ. ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಸಂದುಗಳ ಉದ್ದಕ್ಕೂ ಸರಿಸಿದರೆ ಅಂಗೈಯಗಲದ ಜಾಗಕ್ಕೆ ಬಂದು ನಿಲ್ಲಬಹುದು. ಆಮೇಲೆ ಆ ಸಂದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮತ್ತೊಂದು ಸುತ್ತು ಹೋಗಿ. ಸದ್ದು ನಿಂತರೆ ಬಿಚ್ಚಬೇಕಾದ ಜಾಗ ಖಚಿತ.

ಬಾಗಿಲುಗಳಿಗೆ ಇನ್ನೊಂದು ಒಳ್ಳೆಯ ಉಪಾಯವಿದೆ. ಎಂಜಿನ್ ನಿಲ್ಲಿಸಿ, ಫೋನಿನ ಟೋನ್ ಜನರೇಟರ್ ಆ್ಯಪಿನಿಂದ 40ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ಕಾರಿನ ಸ್ಪೀಕರಿನಲ್ಲಿ ಮಧ್ಯಮ ದನಿಯಲ್ಲಿ ನುಡಿಸಿ. ಯಾವುದಾದರೂ ಭಾಗದ ಸಹಜ ಕಂಪನಾಂಕ ಬಂದೊಡನೆ ಅದು ಜುಂಯ್‌ಗುಡುತ್ತದೆ. ಅಲ್ಲೇ ಸ್ವರ ನಿಲ್ಲಿಸಿಕೊಂಡು ಒಂದೊಂದೇ ಭಾಗ ಒತ್ತಿ ನೋಡಬಹುದು. ಸ್ಪೀಕರಿಗೆ ದೂರದ ಭಾಗಗಳು ಇದಕ್ಕೆ ಬಗ್ಗುವುದಿಲ್ಲ.

ಕೆಲವು ಸದ್ದು ಒಳಗಿನದೇ ಅಲ್ಲ. ಎರಡೂ ಚಕ್ರ ಒಟ್ಟಿಗೆ ಹಂಪು ಹತ್ತಿದಾಗ ಸುಮ್ಮನಿದ್ದು, ಒಂದೇ ಚಕ್ರ ಗುಂಡಿಗೆ ಇಳಿದಾಗ ಟಕ್ ಎಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಬಾರಿನ (ಎಡಬಲ ಚಕ್ರಗಳ ಸಸ್ಪೆನ್ಷನ್ನನ್ನು ಜೋಡಿಸುವ ಉಕ್ಕಿನ ಸರಳು) ಲಿಂಕ್ ರಾಡ್ ಮೇಲೆ. ಎರಡು ಚಕ್ರಗಳ ಎತ್ತರ ಬೇರೆಯಾದಾಗ ಮಾತ್ರ ಆ ಬಾರು ತಿರುಚಿಕೊಳ್ಳುವುದು. ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಹುಡುಕಿ ಫಲವಿಲ್ಲ.

ಜಾಗ ಸಿಕ್ಕಮೇಲೆ ಕೆಲಸ ಅರ್ಧ ಗಂಟೆಯದು. ಸ್ಕ್ರೂಡ್ರೈವರಿನ ಬದಲು ಪ್ಲಾಸ್ಟಿಕ್ಕಿನ ಮೀಟುಕೋಲು ಬಳಸಿ. ಬಾಗಿಲಿನ ಪ್ಯಾನೆಲ್ಲಿನಲ್ಲಿ ಹಿಡಿಕೆಯ ಹಿಂದೆ, ಸಣ್ಣ ಮುಚ್ಚಳದಡಿ ಅಡಗಿರುವ ಸ್ಕ್ರೂ ತೆಗೆಯದೆ ಎಳೆದರೆ ಪ್ಯಾನೆಲ್ ಸೀಳುತ್ತದೆ. ತೆಗೆಯುವಾಗ ಒಂದೆರಡು ಕ್ಲಿಪ್ ಮುರಿದೇ ಮುರಿಯುತ್ತವೆ, ಅದೇ ಮಾದರಿಯ ಐದಾರನ್ನು ಮೊದಲೇ ತಂದಿಟ್ಟುಕೊಳ್ಳಿ (ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ). ಮುರಿದ ಕ್ಲಿಪ್ಪಿನೊಡನೆ ಮರಳಿ ಕೂರಿಸುವುದು ಹೊಸ ಕಟಕಟಕ್ಕೆ ಆಹ್ವಾನ.

ಉಜ್ಜುವ ಅಂಚಿಗೆ 0.3-0.5 ಮಿ.ಮೀ. ದಪ್ಪದ ಫೆಲ್ಟ್ ಬಟ್ಟೆಯ ಟೇಪ್ ಸಾಕು, ಅದೂ ಒಂದು ಬದಿಗೆ ಮಾತ್ರ. ದಪ್ಪ ಹೆಚ್ಚಾದರೆ ಪ್ಯಾನೆಲ್ ಉಬ್ಬಿ, ಕ್ಲಿಪ್ ಹಿಡಿತ ಬಿಡುತ್ತದೆ. ಪಾಲಿಪ್ರೊಪಿಲೀನಿಗೆ ಅಂಟು ಸುಲಭವಾಗಿ ಹತ್ತುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿಸಿ, ಅರ್ಧ ನಿಮಿಷ ಗಟ್ಟಿಯಾಗಿ ಒತ್ತಬೇಕು. ಒಳಗೆ ಜೋತುಬಿದ್ದ ವೈರುಗಳಿಗೂ ಕನೆಕ್ಟರುಗಳಿಗೂ ಇದೇ ಬಟ್ಟೆ ಟೇಪನ್ನು ಸುತ್ತಿ. ಬಡಿಯುವ ಕಡೆ 3 ಮಿ.ಮೀ. ಫೋಮ್ ಇಡಬಹುದು, ಆದರೆ ಬಾಗಿಲಿನೊಳಗೆ ನೀರು ಹೀರದ, ಮುಚ್ಚಿದ ಕಣಗಳ ಫೋಮನ್ನೇ ಬಳಸಿ. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುತ್ತದೆ. ಮಾಮೂಲಿ ಸ್ಪಂಜು ಅದನ್ನು ಹಿಡಿದಿಟ್ಟುಕೊಂಡು ತಗಡಿಗೆ ತುಕ್ಕು ಹಿಡಿಸುತ್ತದೆ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಮತ್ತೆ ಅಂಟಿಸಲು ಮರೆತರೆ ನೀರು ಕಾರಿನ ನೆಲಕ್ಕೇ ಬರುತ್ತದೆ.

ಬಾಗಿಲಿನ ರಬ್ಬರ್ ಕಿರುಗುಟ್ಟಿದರೆ ಸೋಪು ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಹೆಚ್ಚಿನದನ್ನು ಒರೆಸಿಬಿಡಿ. ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಬೇಡ: ಪೆಟ್ರೋಲಿಯಂ ಎಣ್ಣೆಗೆ ಈ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಕೆಲವು ಪ್ಲಾಸ್ಟಿಕ್ಕುಗಳು ಬಿರುಕು ಬಿಡುತ್ತವೆ. ಪೆಡಲು, ಸ್ಟಿಯರಿಂಗುಗಳ ಬಳಿ ಸಿಲಿಕೋನ್ ಸ್ಪ್ರೇ ಹೊಡೆಯಲೇಬೇಡಿ, ಕಾಲು ಜಾರುತ್ತದೆ. ಬಾಗಿಲು ಸಿಕ್ಕಿಕೊಳ್ಳುವ ಯು ಆಕಾರದ ಕಬ್ಬಿಣಕ್ಕೆ ಒಂದು ಸುತ್ತು ಬಟ್ಟೆ ಟೇಪ್ ಸುತ್ತಿ ಓಡಿಸಿ ನೋಡುವುದನ್ನೂ ಮರೆಯಬೇಡಿ. ಸದ್ದು ನಿಂತರೆ ತಪ್ಪು ಲಾಕಿನದು, ಪ್ಯಾನೆಲ್ ಬಿಚ್ಚುವ ಅಗತ್ಯವೇ ಇಲ್ಲ.

ಒಂದು ವಿಷಯದಲ್ಲಿ ರಾಜಿಯಿಲ್ಲ. ಕಿಟಕಿ ಕಂಬಗಳ ಪ್ಲಾಸ್ಟಿಕ್, ಸ್ಟಿಯರಿಂಗ್, ಸೀಟಿನ ಬದಿಗಳಲ್ಲಿ ಏರ್‌ಬ್ಯಾಗ್ ಇರಬಹುದು. ಅಲ್ಲಿ ಫೋಮ್ ತುರುಕಿದರೆ, ಟೇಪ್ ಸುತ್ತಿದರೆ ಅದು ಬಿಚ್ಚಿಕೊಳ್ಳುವ ದಾರಿ ಕಟ್ಟಿಹೋಗುತ್ತದೆ. ಹಳದಿ ಕನೆಕ್ಟರ್ ಕಂಡರೆ ಕೈ ಹಿಂತೆಗೆದು, ಆ ಕೆಲಸವನ್ನು ಸರ್ವಿಸ್ ಕೇಂದ್ರಕ್ಕೆ ಬಿಡಿ.

ಎಲ್ಲ ಕೂರಿಸಿದ ಮೇಲೆ ಅದೇ ರಸ್ತೆಯಲ್ಲಿ ಎರಡು ಸಲ ಓಡಿಸಿ: ಮುಂಜಾನೆಯ ತಂಪಿನಲ್ಲೊಮ್ಮೆ, ಮಧ್ಯಾಹ್ನ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿದ ಮೇಲೊಮ್ಮೆ. ಬಿಸಿಲಲ್ಲಿ ಮಾತ್ರ ಸದ್ದು ಮರಳಿದರೆ ಆ ಪ್ಯಾನೆಲ್ಲಿಗೆ ಹಿಗ್ಗಲು ಜಾಗವಿಲ್ಲವೆಂದರ್ಥ. ಆಗ ಇನ್ನಷ್ಟು ಟೇಪ್ ಸೇರಿಸದೆ, ಪ್ಯಾನೆಲ್ಲಿನ ಸ್ಕ್ರೂಗಳನ್ನು ಸಡಿಲಿಸಿ, ಸಂದು ಎರಡೂ ಬದಿಗೆ ಸಮವಾಗುವಂತೆ ಕೂರಿಸಿ ಮತ್ತೆ ಬಿಗಿಯಿರಿ.