ತೂಕ ಕಡಿಮೆ ಇದ್ದ ಮಾತ್ರಕ್ಕೆ ಹೃದಯಕ್ಕೆ ಅಪಾಯ ಇಲ್ವಾ? ಆರ್‌ಎ ಓದುವಾಗ ಬರೆದುಕೊಂಡ ಟಿಪ್ಪಣಿ

ಶಿಡ್ಲಘಟ್ಟದ ನಮ್ಮ ದೊಡ್ಡಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ಆರ್‌ಎ. ನಮ್ಮ ಕಡೆ ಕೀಲು ನೋವು ಅಂದರೆ ಎಲ್ಲವೂ ‘ವಾತ’ವೇ. ಆದರೆ ಇದು ವಯಸ್ಸಾಗಿ ಮಂಡಿ ಸವೆಯುವ ನೋವಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಜಾಸ್ತಿ. ಕಳೆದ ಸಲ ಊರಿಗೆ ಹೋದಾಗ ಅವರ ಬಿಪಿ ನೋಡ್ತಾ, ಒಂದ್ಸಲ ಹಾರ್ಟ್ ಚೆಕಪ್ ಮಾಡಿಸೋಣ ಅಂದೆ. ‘ನಾನು ಸಣ್ಣಗಿದ್ದೀನಲ್ಲ ಮಗ, ದಪ್ಪ ಇರೋರಿಗಲ್ವಾ ಹಾರ್ಟಿನ ತೊಂದರೆ’ ಅಂದರು. ನರ್ಸಿಂಗ್ ಎರಡನೇ ವರ್ಷದಲ್ಲಿರುವ ನಾನೂ ಹೌದಲ್ವಾ ಅಂತ ಸುಮ್ಮನಾದೆ. ಆಮೇಲೆ ಓದಿದಾಗ ಗೊತ್ತಾಯಿತು, ನಮ್ಮಿಬ್ಬರ ಲೆಕ್ಕವೂ ತಪ್ಪು. ಜೊತೆಯಲ್ಲಿ ನರ್ಸಿಂಗ್ ಓದುವ ನಿಮ್ಮಲ್ಲಿ ಯಾರಿಗೂ ಹಾಗಾಗಬಾರದು ಅಂತ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಅಂಕಿ ನೆನಪಿಡಿ: 1.5. ಆರ್‌ಎ ಇರುವವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಬೇರೆಯವರಿಗಿಂತ ಸುಮಾರು ಒಂದೂವರೆ ಪಟ್ಟು. ಮಾಮೂಲಿ ಲೆಕ್ಕದಲ್ಲಿ 10 ವರ್ಷದ ಅಪಾಯ 8% ಅಂತ ಬಂದರೆ ಅದನ್ನು 12% ಅಂತ ತಿಳಿಯಬೇಕು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ‘ಯೂಲಾರ್’ ಹೀಗೇ 1.5ರಿಂದ ಗುಣಿಸಿ ಅಂತ ಹೇಳುತ್ತದೆ, ಆ ಲೆಕ್ಕದೊಳಗೆ ಆರ್‌ಎ ಮೊದಲೇ ಸೇರಿಲ್ಲದಿದ್ದರೆ ಮಾತ್ರ. ಕಾರಣ ಉರಿಯೂತ. ಕೀಲನ್ನು ಊದಿಸುವ ಟಿಎನ್‌ಎಫ್, ಐಎಲ್-6 ಅನ್ನುವ ರಾಸಾಯನಿಕಗಳು ಕೀಲಲ್ಲೇ ಕೂರಲ್ಲ. ರಕ್ತದ ಜೊತೆ ಎಲ್ಲಾ ಕಡೆ ಹರಿದು ರಕ್ತನಾಳದ ಒಳಗೋಡೆಯನ್ನೂ ಕೆಡಿಸುತ್ತವೆ.

ಈಗ ತೂಕದ ವಿಷಯ. ನನಗೆ ತಲೆ ಕೆಟ್ಟಿದ್ದು ಇಲ್ಲೇ. ತೂಕ ಜಾಸ್ತಿಯಾದರೆ ಅಪಾಯ ಜಾಸ್ತಿ ಅಂತ ನಾವು ಓದಿರುತ್ತೇವೆ. ಆದರೆ 2004ರಲ್ಲಿ ಅಮೆರಿಕದ ಮಿನೆಸೋಟದಿಂದ ಬಂದ ಅಧ್ಯಯನದಲ್ಲಿ, ಬಿಎಂಐ (ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 20ಕ್ಕಿಂತ ಕಡಿಮೆ ಇದ್ದ ಆರ್‌ಎ ರೋಗಿಗಳಲ್ಲಿ ಹೃದಯದ ಕಾಯಿಲೆಯಿಂದ ಸಾವು ಜಾಸ್ತಿ ಕಂಡಿತು. ಮರುವರ್ಷ ಇನ್ನೊಂದು ಅಧ್ಯಯನದಲ್ಲಿ ಬಿಎಂಐ ಜಾಸ್ತಿ ಇದ್ದ ಆರ್‌ಎ ರೋಗಿಗಳೇ ಹೆಚ್ಚು ಕಾಲ ಬದುಕಿದ್ದರು. ಇದನ್ನು ‘ಒಬೆಸಿಟಿ ಪ್ಯಾರಡಾಕ್ಸ್’ ಅಂತಾರೆ. ಹಾಗಂತ ಕೊಬ್ಬು ಹೃದಯವನ್ನು ಕಾಪಾಡುತ್ತದೆ ಅಂತ ಬರೆದುಕೊಳ್ಳಬೇಡಿ. ಕಾಯಿಲೆ ಜೋರಾಗಿರುವವರು ಸಣ್ಣಗಾಗುತ್ತಾರೆ. ಅದೇ ಜೋರು ಉರಿಯೂತ ಅವರ ಹೃದಯಕ್ಕೂ ಕೆಟ್ಟದ್ದು. ಸಣ್ಣಗಿರುವುದು ಅಲ್ಲಿ ಕಾರಣ ಅಲ್ಲ, ಗುರುತು. ಸ್ಥೂಲಕಾಯ ಇದ್ದರೆ ಆರ್‌ಎ ಹತೋಟಿಗೆ ಬರುವುದೂ ಕಷ್ಟ, ಬಿಪಿ, ಶುಗರ್ ಕೂಡ ಬರುತ್ತವೆ.

ತೂಕದ ಮಷಿನ್ನು ಮುಚ್ಚಿಡುವುದು ಇನ್ನೊಂದಿದೆ. ದೀರ್ಘಕಾಲದ ಉರಿಯೂತ ಮಾಂಸಖಂಡವನ್ನು ಕರಗಿಸುತ್ತದೆ, ನೋವಿನಿಂದ ಓಡಾಟ ಕಡಿಮೆಯಾಗಿ ಕೊಬ್ಬು ಕೂರುತ್ತದೆ, ಮೇಲಿಂದ ಸ್ಟೀರಾಯ್ಡ್ ಮಾತ್ರೆ ಜಾಸ್ತಿ ದಿನ ತಗೊಂಡರೆ ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಬರುತ್ತದೆ. ಖಂಡ ಹೋಗಿ ಕೊಬ್ಬು ಬಂದರೆ ಮುಳ್ಳು ಅಲ್ಲಾಡುವುದೇ ಇಲ್ಲ! ಇದಕ್ಕೆ ‘ರುಮಟಾಯ್ಡ್ ಕ್ಯಾಕೆಕ್ಸಿಯಾ’ ಅಂತ ಹೆಸರು. ದೊಡ್ಡಮ್ಮನಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸ್ತಾ ಇದ್ದಾಗ ರೇಷ್ಮೆ ಗೂಡು ನೆನಪಾಯಿತು, ಯಾಕಂದರೆ ಅವರು ವರ್ಷಗಟ್ಟಲೆ ಗೂಡಿನಿಂದ ನೂಲು ತೆಗೆಯುವ ಫಿಲೇಚರ್‌ನಲ್ಲಿ ಕೆಲಸ ಮಾಡಿದವರು. ಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಒಳಗಿನ ಹುಳದ್ದೇ. ಒಂದೇ ತೂಕದ ಎರಡು ಲಾಟಿನಲ್ಲಿ ನೂಲು ಬೇರೆ ಬೇರೆ ಬರುತ್ತದೆ, ಅದಕ್ಕೇ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಸುಕಿ ನೋಡುತ್ತಾರೆ. ಫೋನಲ್ಲಿ ಇಷ್ಟು ಹೇಳಿದ್ದೇ ತಡ, ‘ಹಂಗಾದ್ರೆ ನನ್ನಲ್ಲಿ ನೂಲು ಕಮ್ಮಿಯಾಗಿದೆ ಅನ್ನು’ ಅಂದರು.

ಲೆಕ್ಕಕ್ಕೆ ಬನ್ನಿ. ಎತ್ತರ 1.5 ಮೀಟರ್, ತೂಕ 52 ಕೆಜಿ ಇದ್ದರೆ, 52ನ್ನು 2.25ರಿಂದ ಭಾಗಿಸಿ, ಬಿಎಂಐ 23.1. ಜಗತ್ತಿನ ಮಾಮೂಲಿ ಪಟ್ಟಿಯಲ್ಲಿ ಇದು ನಾರ್ಮಲ್. ಆದರೆ ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಸ್ಥೂಲಕಾಯ. ಬ್ರಿಟನ್ನಿನ ಸಂಶೋಧಕರು 2007ರಲ್ಲಿ ಆರ್‌ಎ ರೋಗಿಗಳಿಗೂ ಅಧಿಕ ತೂಕ, ಸ್ಥೂಲಕಾಯದ ಮಾಮೂಲಿ ಗಡಿಗಳಾದ 25 ಮತ್ತು 30ನ್ನು 2ರಷ್ಟು ಇಳಿಸಿ 23 ಮತ್ತು 28 ಮಾಡಿ ಅಂದರು, ಯಾಕೆಂದರೆ ಅದೇ ಬಿಎಂಐಗೆ ಇವರಲ್ಲಿ ಕೊಬ್ಬು ಜಾಸ್ತಿ. ಸೊಂಟದ ಸುತ್ತಳತೆ ನಮ್ಮ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಮೀನಖಂಡದ ಸುತ್ತಳತೆ ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಬಂದರೆ ಖಂಡ ಕರಗಿದೆಯಾ ಅಂತ ಅನುಮಾನ ಪಡಬೇಕು. ಒಂದು ಟೇಪಿನಲ್ಲಿ ಇಷ್ಟೆಲ್ಲ ಗೊತ್ತಾಗುತ್ತದೆ. ಕಾಲಿನ ಬಲ ನೋಡಲು ಕುರ್ಚಿಯಿಂದ 5 ಸಲ ಎದ್ದು ಕೂರುವ ಪರೀಕ್ಷೆಯೂ ಇದೆ, ಆದರೆ ಮಂಡಿ ಊದಿರುವಾಗ ನಿಧಾನವಾದರೆ ಅದಕ್ಕೆ ನೋವೂ ಕಾರಣ ಇರಬಹುದು, ನೋಡಿಕೊಂಡು ಬರೆಯಿರಿ.

ಕೊಲೆಸ್ಟ್ರಾಲ್‌ನಲ್ಲೂ ಇದೇ ಮೋಸ. ಉರಿಯೂತ ಜೋರಿದ್ದಾಗ ‘ಕೆಟ್ಟ ಕೊಲೆಸ್ಟ್ರಾಲ್’ ಅನ್ನುವ ಎಲ್‌ಡಿಎಲ್ ಕಡಿಮೆ ತೋರಿಸುತ್ತದೆ, ಅಪಾಯ ಮಾತ್ರ ಜಾಸ್ತಿಯೇ. ಅದಕ್ಕೆ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್ ಪಕ್ಕದಲ್ಲಿಟ್ಟು ಓದಬೇಕು.

ಹಾಗಾದರೆ ಏನು ಮಾಡಬೇಕು? ಉರಿಯೂತ ಇಳಿಸುವುದೇ ಮೊದಲು. ಆರ್‌ಎಗೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಔಷಧಿ ತಗೊಳ್ಳುವವರಲ್ಲಿ ಹೃದಯದ ತೊಂದರೆಗಳು ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಮೆಡಿಕಲ್ ಶಾಪಲ್ಲಿ ತಾವೇ ಕೇಳಿ ತರುವ ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ತರಹದ ನೋವಿನ ಮಾತ್ರೆ ಹೃದಯದ ಅಪಾಯ ಹೆಚ್ಚಿಸುತ್ತವೆ, ಕೇಸ್ ಹಿಸ್ಟರಿಯಲ್ಲಿ ಇದನ್ನು ಕೇಳಲೇಬೇಕು. ಇನ್ನು ಊಟ. ರಾಗಿಯಲ್ಲಿ 100 ಗ್ರಾಂಗೆ ಪ್ರೋಟೀನ್ ಸುಮಾರು 7 ಗ್ರಾಂ, ಒಣ ಕಾಳುಗಳಲ್ಲಿ 20ರ ಆಸುಪಾಸು. ಮುದ್ದೆ ಇರಲಿ, ಆದರೆ ಬಸ್ಸಾರಿನ ತಿಳಿ ಮಾತ್ರ ಅಲ್ಲ, ಅದರ ಕಾಳಿನ ಪಲ್ಯವೂ ತಟ್ಟೆಗೆ ಬೀಳಬೇಕು. ಫಿಸಿಯೋ ಹೇಳಿಕೊಟ್ಟಂತೆ ಭಾರ ಎತ್ತುವ ವ್ಯಾಯಾಮ ಮಾಡಿದರೆ ಆರ್‌ಎ ಇದ್ದರೂ ಖಂಡ ಮತ್ತೆ ಬೆಳೆಯುತ್ತದೆ.

ಇನ್ನೊಂದು ಮಾತು, ಇದು ನಮ್ಮ ನರ್ಸಿಂಗ್ ಪರೀಕ್ಷೆಗಿಂತ ವಾರ್ಡಿಗೆ ಮುಖ್ಯ. ಆರ್‌ಎ ಇರುವವರಲ್ಲಿ ಎದೆ ನೋವೇ ಇಲ್ಲದ ಹಾರ್ಟ್ ಅಟ್ಯಾಕ್ ಜಾಸ್ತಿ. ಸುಸ್ತು, ಉಬ್ಬಸ, ಬೆವರು ಅಂದರೆ ‘ವಾತದ ಸುಸ್ತು’ ಅಂತ ಬಿಡದೆ ಇಸಿಜಿಗೆ ಹೇಳಿ. ದೊಡ್ಡಮ್ಮನ ಇಸಿಜಿ, ಕೊಲೆಸ್ಟ್ರಾಲ್, ಸಿಆರ್‌ಪಿ ಮೂರನ್ನೂ ಬರುವ ವಾರ ಮಾಡಿಸುತ್ತಿದ್ದೇವೆ.